ಕೆಂಪು ಚುಕ್ಕಿಯ ಕಾಲಂ ತುಂಬಿದರೆ ಸಾಲದು

ಯಲಬುರ್ಗಾ ತಾಲೂಕಿನಲ್ಲಿ ನನ್ನದು ಒಣಬೇಸಾಯ. ಎರೆ ಹೊಲದಲ್ಲಿ ಹಿಂಗಾರಿ ಕಡಲೆ, ಮಸಾರಿ ಹೊಲದಲ್ಲಿ ಮುಂಗಾರಿ ಮೆಕ್ಕೆಜೋಳ. ಬಾವಿ ಇಲ್ಲ, ಬೋರ್ ಇಲ್ಲ. ಕಾಲುವೆ ನೀರು ಗಂಗಾವತಿ ಕಡೆಯವರ ಪಾಲಿನದು. ನಾನು ಓದಿದ್ದು ಏಳನೇ ಇಯತ್ತೆ. ಇಂಥವನಿಗೆ ಕಂಪ್ಯೂಟರ್ ಅರ್ಜಿಯ ಉಸಾಬರಿ ಯಾಕೆ ಅಂತ ಕೇಳಬಹುದು. ಆ ಅರ್ಜಿಯ ಒಂದೇ ಒಂದು ಕಾಲಂ ನನ್ನ ಒಂದು ವರ್ಷದ ಬೆಳೆ ವಿಮೆ ನುಂಗಿತು. ಅದಕ್ಕೇ ಬರೆಯುತ್ತಿದ್ದೇನೆ.

ಈಗ ರೈತನಿಗೆ ಏನು ಬೇಕಾದರೂ ಅರ್ಜಿ ಕಂಪ್ಯೂಟರಿನಲ್ಲೇ. ಬೆಳೆ ವಿಮೆಗೆ ‘ಸಂರಕ್ಷಣೆ’, ರೈತರ ನೋಂದಣಿಗೆ ‘ಫ್ರೂಟ್ಸ್’, ಪಹಣಿಗೆ ‘ಭೂಮಿ’, ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್‌ಗೆ ಬೇರೆಯೇ ಒಂದು. ಎಲ್ಲದರಲ್ಲೂ ಕೆಲವು ಕಾಲಂಗಳ ಪಕ್ಕ ಸಣ್ಣ ಕೆಂಪು ಚುಕ್ಕಿ ಇರುತ್ತದೆ. ನಕ್ಷತ್ರದ ಆಕಾರದ್ದು. ‘ಇದನ್ನು ಬಿಡುವಂತಿಲ್ಲ, ತುಂಬಲೇಬೇಕು’ ಅಂತ ಅದರ ಅರ್ಥ. ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ, ಕೆಂಪು ಅಕ್ಷರ ಬರುತ್ತದೆ. ಕೆಂಪು ಹೋಯಿತು ಅಂದರೆ ಅರ್ಜಿ ಸರಿಯಾಯಿತು ಅಂತ ನಾವು ತಿಳಿಯುತ್ತೇವೆ. ಮೋಸ ಹೋಗುವುದು ಅಲ್ಲೇ.

ನಡೆದದ್ದು ಇಷ್ಟು

2023ರ ಮುಂಗಾರು. ಮೆಕ್ಕೆಜೋಳ ಬಿತ್ತಿದ್ದೆ. ವಿಮೆ ಕಟ್ಟುವ ಕೊನೆ ದಿನ ಹತ್ತಿರ ಬಂದಿತ್ತು. ಕಂಪ್ಯೂಟರ್ ಅಂಗಡಿಯ ಮುಂದೆ ಸಂತೆಯಂಗ ಜನ. ನನ್ನ ಸರದಿ ಬರುವ ಹೊತ್ತಿಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂದಿತ್ತು. ಹುಡುಗ ನನ್ನ ಆಧಾರ್, ಪಹಣಿ, ಪಾಸ್‌ಬುಕ್ ಇಸಿದುಕೊಂಡು ಪಟಪಟ ಒತ್ತಿದ. ಒಂದೆರಡು ಸಲ ಪರದೆ ಮೇಲೆ ಕೆಂಪು ಅಕ್ಷರ ಬಂತು. ಏನೋ ಮಾಡಿದ, ಹೋಯಿತು.

"ಆತು ಕಾಕಾ. ಎಲ್ಲಾ ಕಾಲಂ ತುಂಬ್ಯಾವು, ಕೆಂಪು ಇಲ್ಲ. ನಡೀರಿ" ಅಂದ.

ರಸೀದಿ ಮಡಚಿ ಅಂಗಿ ಕಿಸೆಯಲ್ಲಿಟ್ಟೆ. ಮನೆಗೆ ಬಂದು ಟ್ರಂಕಿನಲ್ಲಿ ಹಾಕಿದೆ. ಓದಲಿಲ್ಲ. ಬದುವಿನ ಆಚೆಯ ಹೊಲದವರು ಎಕರೆಗೆ ನನಗಿಂತ ಕಡಿಮೆ ಕಂತು ಕಟ್ಟಿದ್ದು ಮಾತಿನ ನಡುವೆ ಗೊತ್ತಾಯಿತು. ‘ಇರಲಿ, ಸರ್ಕಾರದ ಲೆಕ್ಕ’ ಅಂದುಕೊಂಡೆ.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ನನ್ನ ಮೆಕ್ಕೆಜೋಳ ಮೊಳಕಾಲೆತ್ತರ ಬಂದು ಒಣಗಿತು, ದನಕ್ಕೆ ಹಾಕಿದೆ. ವಿಮೆ ಹಣ ಬಂದಾಗ ಬದುವಿನ ಆಚೆಯವರ ಖಾತೆಗೆ ಬಿತ್ತು, ನನಗೆ ಬೀಳಲಿಲ್ಲ. ಒಂದೇ ಮಳೆ, ಒಂದೇ ಮಣ್ಣು, ನಡುವೆ ಒಂದು ಬದು.

ಆಗ ಟ್ರಂಕಿನಿಂದ ರಸೀದಿ ತೆಗೆದೆ. ನನ್ನ ಹೆಸರು ಸರಿ ಇತ್ತು, ಸರ್ವೆ ನಂಬರ್ ಸರಿ ಇತ್ತು. ಬೆಳೆಯ ಮುಂದೆ ‘ಮುಸುಕಿನ ಜೋಳ, ನೀರಾವರಿ’ ಅಂತಿತ್ತು. ನಾವು ಮೆಕ್ಕೆಜೋಳ ಅನ್ನುವುದಕ್ಕೆ ಇಲಾಖೆಯ ಕಾಗದದಲ್ಲಿ ಮುಸುಕಿನ ಜೋಳ ಅನ್ನುತ್ತಾರೆ, ಅದು ಸರಿ. ಆದರೆ ನೀರಾವರಿ? ಹೊಲದಾಗ ಕುಡಿಯಾಕ ಒಂದು ಚರಿಗಿ ನೀರು ಸಿಗದ ಜಾಗ ಅದು.

ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದದ್ದು. ಅದರಲ್ಲಿ ಒಬ್ಬೊಬ್ಬರ ಹೊಲದ ಇಳುವರಿ ನೋಡಿ ಹಣ ಕೊಡುವುದಿಲ್ಲ. ಗ್ರಾಮ ಪಂಚಾಯ್ತಿ ಇಲ್ಲವೆ ಹೋಬಳಿಯನ್ನು ಒಂದು ಘಟಕ ಮಾಡಿ, ಅಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಸರಾಸರಿ ಇಳುವರಿ ಎಷ್ಟು ಕಡಿಮೆಯಾಯಿತು ಅಂತ ಲೆಕ್ಕ ಹಾಕುತ್ತಾರೆ. ಮಳೆಯಾಶ್ರಿತದ್ದು ಒಂದು ಲೆಕ್ಕ, ನೀರಾವರಿಯದ್ದು ಬೇರೆ ಲೆಕ್ಕ. ನಮ್ಮಲ್ಲಿ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹಣ ಬಂತು. ಬೋರಿನ ಮೆಕ್ಕೆಜೋಳಕ್ಕೆ ಬರಲಿಲ್ಲ. ಕಾಗದದ ಮೇಲೆ ನಾನು ಬೋರಿನವನಾಗಿದ್ದೆ. ಮುಂಗಾರಿ ಆಹಾರ ಬೆಳೆ, ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ 2 ರೂಪಾಯಿ. ನೀರಾವರಿಗೆ ವಿಮಾ ಮೊತ್ತ ಹೆಚ್ಚಿದ್ದರಿಂದ ನನ್ನ ಕಂತೂ ಹೆಚ್ಚಾಗಿತ್ತು. ಆ ಹೆಚ್ಚಿನ ರೂಪಾಯಿಯೇ ಸುಳಿವು ಕೊಟ್ಟಿತ್ತು, ನಾನು ತಿಳಿಯಲಿಲ್ಲ. ಕೊನೆ ದಿನ ಕಳೆದು, ಬೆಳೆ ಒಣಗಿ, ಲೆಕ್ಕ ಮುಗಿದ ಮೇಲೆ ತಿದ್ದಿಸಲು ಹೋದವನ ಮಾತು ಯಾರು ಕೇಳುತ್ತಾರೆ? ಕೂರಿಗೆಯ ಒಂದು ಕೊಳವೆ ಕಟ್ಟಿಕೊಂಡರೆ ಬಿತ್ತುವಾಗ ತಿಳಿಯುವುದಿಲ್ಲ. ಮೊಳಕೆ ಬಂದ ಮೇಲೆ ಸಾಲು ಖಾಲಿ ಕಾಣುತ್ತದೆ.

ಅರ್ಜಿಯೊಳಗಿನ ಸಾಣಿಗೆಗಳು

ನನ್ನ ತಮ್ಮನ ಮಗಳು ಕೊಪ್ಪಳದಲ್ಲಿ ಕಂಪ್ಯೂಟರ್ ಕಲಿತಾಕಿ. ಅವಳ ಮುಂದೆ ರಸೀದಿ ಇಟ್ಟು, "ಇಷ್ಟು ಶ್ಯಾಣೇ ಯಂತ್ರ ಇದನ್ನ ಯಾಕ ಹಿಡೀಲಿಲ್ಲವ್ವಾ?" ಅಂತ ಕೇಳಿದೆ.

"ದೊಡ್ಡಪ್ಪ, ಅದಕ್ಕ ಹೇಳಿದ್ದಷ್ಟೇ ಅದು ನೋಡತೈತಿ. ಕಾಲಂ ಖಾಲಿ ಬಿಡಬ್ಯಾಡ ಅಂತ ಹೇಳ್ಯಾರ. ಖರೇ ಐತೋ ಸುಳ್ಳು ಐತೋ ನೋಡು ಅಂತ ಹೇಳಿಲ್ಲ" ಅಂದಳು.

ಆಮೇಲೆ ಅವಳೇ ತನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಾಲಂನ ಸಣ್ಣ ಅರ್ಜಿಯೊಂದನ್ನು ಮಾಡಿ ನನಗೆ ತೋರಿಸಿದಳು. ನನಗೆ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಕಾಳನ್ನು ಹೇಗೆ ಒಂದಾದ ಮೇಲೊಂದು ಸಾಣಿಗೆಯಲ್ಲಿ ಹಾಯಿಸುತ್ತೇವೋ ಹಾಗೆ ಅರ್ಜಿಯೊಳಗೂ ಸಾಣಿಗೆ ಇವೆ.

ಮೊದಲನೆಯ ಸಾಣಿಗೆ ‘ಖಾಲಿಯೋ ತುಂಬಿದೆಯೋ’ ಅನ್ನುವುದು. ಕೆಂಪು ಚುಕ್ಕಿ ಅಂದರೆ ಇದೇ. 2014ರಲ್ಲಿ ವೆಬ್ ಪುಟ ಬರೆಯುವ ಹೊಸ ನಿಯಮ ಬಂದಿತಂತೆ, ಎಚ್‌ಟಿಎಂಎಲ್ 5 ಅಂತ ಅದರ ಹೆಸರು. ಅದರಲ್ಲಿ ಕಾಲಂ ಪಕ್ಕ ಒಂದೇ ಶಬ್ದ ಬರೆದರೆ ಸಾಕು, ಖಾಲಿ ಬಿಟ್ಟವರನ್ನು ಬ್ರೌಸರೇ ತಡೆಯುತ್ತದೆ. ಇದು ಬಹಳ ದೊಡ್ಡ ಕಣ್ಣಿನ ಸಾಣಿಗೆ. ಹೆಸರಿನ ಕಾಲಂನಲ್ಲಿ ಅವಳು ಬರೀ ಒಂದು ಚುಕ್ಕೆ ಹಾಕಿದಳು, ಒಪ್ಪಿಕೊಂಡಿತು. ಏನೂ ಬರೆಯದೆ ಜಾಗ ಬಿಡುವ ಕೀಲಿಯನ್ನು ಒಮ್ಮೆ ಒತ್ತಿದಳು. ಕಣ್ಣಿಗೆ ಖಾಲಿಯೇ ಕಂಡಿತು, ಆದರೂ ಒಪ್ಪಿಕೊಂಡಿತು.

ಪಟ್ಟಿಯಿಂದ ಆರಿಸುವ ಕಾಲಂ ಇನ್ನೂ ಅಪಾಯದ್ದು. ಮೊದಲು ‘ಆರಿಸಿ’ ಅಂತ ಖಾಲಿ ಸಾಲು ಇಡದಿದ್ದರೆ, ಪಟ್ಟಿಯ ಮೊದಲ ಹೆಸರೇ ತಾನಾಗಿ ತುಂಬಿಕೊಂಡು ಕೂತಿರುತ್ತದೆ. ಯಾರೂ ಮುಟ್ಟದಿದ್ದರೂ ಯಂತ್ರದ ಲೆಕ್ಕಕ್ಕೆ ಅದು ತುಂಬಿದ ಕಾಲಂ. ಪಟ್ಟಿಯಲ್ಲಿ ನೀರಾವರಿ, ಮಳೆಯಾಶ್ರಿತ ಒಂದರ ಕೆಳಗೊಂದು ಇದ್ದರೆ ಬೆರಳು ಒಂದು ಗೆರೆ ಜಾರಿದರೂ ಸಾಕು. ನನ್ನದು ಜಾರಿತೋ, ತಾನಾಗಿ ಕೂತಿತ್ತೋ, ಆ ಹುಡುಗನಿಗೂ ನೆನಪಿರಲಿಕ್ಕಿಲ್ಲ.

ಎರಡನೆಯ ಸಾಣಿಗೆ ‘ಆಕಾರ ಸರಿಯೋ’ ಅನ್ನುವುದು. ಮೊಬೈಲ್ ನಂಬರಿಗೆ 10 ಅಂಕಿ, ಪಿನ್ ಕೋಡಿಗೆ 6 ಅಂಕಿ ಇರಬೇಕು. ಕೊಪ್ಪಳದ್ದು 583231. ಬ್ಯಾಂಕಿನ ಐಎಫ್‌ಎಸ್‌ಸಿಗೆ 11 ಅಕ್ಷರ, ಮೊದಲ 4 ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಉಳಿದ 6 ಶಾಖೆಯ ಗುರುತು. ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಒತ್ತುವವರು ಇದ್ದಾರೆ. ಒಳ್ಳೆಯ ಅರ್ಜಿಯಾದರೆ ಅದನ್ನು ಹಿಡಿಯುತ್ತದೆ.

ಆಧಾರ್ ನಂಬರಿನಲ್ಲಿ ಒಂದು ಜಾಣತನವಿದೆ. 12 ಅಂಕಿಗಳಲ್ಲಿ ಕೊನೆಯದು ಉಳಿದ 11 ಅಂಕಿಗಳಿಂದ ಲೆಕ್ಕ ಹಾಕಿ ಬರುವ ಅಂಕಿ. ಡಚ್ ಗಣಿತಜ್ಞ ವೆರ್ಹೋಫ್ 1969ರಲ್ಲಿ ಕೊಟ್ಟ ಲೆಕ್ಕ ಅದು. ಒಂದು ಅಂಕಿ ತಪ್ಪಿದರೆ, ಅಥವಾ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಲೆಕ್ಕ ಕೂಡುವುದಿಲ್ಲ, ಯಂತ್ರಕ್ಕೆ ತಕ್ಷಣ ಗೊತ್ತಾಗುತ್ತದೆ. ಬ್ಯಾಂಕ್ ಖಾತೆ ನಂಬರಿಗೆ ಎಲ್ಲ ಬ್ಯಾಂಕಿಗೂ ಹೊಂದುವ ಇಂಥ ಒಂದೇ ಲೆಕ್ಕ ಇಲ್ಲ, ಉದ್ದವೂ ಒಂದೇ ಇಲ್ಲ. ಅದಕ್ಕೇ ಕೆಲವು ಅರ್ಜಿಗಳಲ್ಲಿ ಖಾತೆ ನಂಬರ್ ಎರಡು ಸಲ ಬರೆಸುತ್ತಾರೆ. ಎರಡನೇ ಸಲವೂ ಪಾಸ್‌ಬುಕ್ ನೋಡಿಯೇ ಬರೆಯಬೇಕು, ಮೊದಲು ಬರೆದದ್ದನ್ನು ನೋಡಿ ಅಲ್ಲ.

ಮೂರನೆಯ ಸಾಣಿಗೆ ‘ದಾಖಲೆಗೆ ತಾಳೆಯೋ’ ಅನ್ನುವುದು. ಇದು ನಮ್ಮ ಮುಂದಿನ ಪರದೆಯಲ್ಲಿ ನಡೆಯುವುದಿಲ್ಲ, ದೂರದ ದೊಡ್ಡ ಕಂಪ್ಯೂಟರಿನಲ್ಲಿ ನಡೆಯುತ್ತದೆ. ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಅನ್ನುವ ಮಾತು ಕೇಳದ ರೈತ ಇಲ್ಲವಲ್ಲ, ಆ ಸರ್ವರ್ ಅಂದರೆ ಇದೇ. ಬರೆದ ಸರ್ವೆ ನಂಬರ್ ಪಹಣಿಯಲ್ಲಿದೆಯೇ, ಅದು ನಿಮ್ಮ ಹೆಸರಿನಲ್ಲಿದೆಯೇ ಅಂತ ಅದು ಹುಡುಕಿ ನೋಡಬಲ್ಲದು. ಫ್ರೂಟ್ಸ್ ನಂಬರ್ ಕೊಟ್ಟರೆ ನಮ್ಮ ಹೊಲಗಳ ಪಟ್ಟಿ ತಾನೇ ಬರುವುದು ಹೀಗೆ. ಮೊದಲ ಎರಡು ಸಾಣಿಗೆ ದಾಟಿದ್ದು ಇಲ್ಲಿ ನಿಲ್ಲಬಹುದು. ಅದಕ್ಕೇ ‘ಕೆಂಪು ಹೋಯಿತು’ ಅಂದರೆ ಅರ್ಜಿ ಹೋಯಿತು ಅಂತ ಅರ್ಥವಲ್ಲ. ಸರ್ವರಿನಿಂದ ಅರ್ಜಿ ನಂಬರ್ ಬಂದರೆ ಮಾತ್ರ ಹೋಯಿತು. ಆ ನಂಬರ್ ಕಾಗದದ ಮೇಲೆ ಕಾಣದೆ ಕುರ್ಚಿ ಬಿಟ್ಟು ಏಳಬೇಡಿ.

ನಾಲ್ಕನೆಯ ಸಾಣಿಗೆ ಯಾವ ಯಂತ್ರದಲ್ಲೂ ಇಲ್ಲ. ಹೊಲದಲ್ಲಿ ಏನು ಬಿತ್ತಿದ್ದೇವೆ, ನೀರು ಇದೆಯೋ ಇಲ್ಲವೋ ಅನ್ನುವುದು ಬಿತ್ತಿದವನಿಗೆ ಗೊತ್ತು. ಆ ಸಾಣಿಗೆ ಹಿಡಿಯಬೇಕಾದವರು ನಾವೇ.

ನಮ್ಮ ಕಡೆ ತಪ್ಪುವುದು ಎಲ್ಲಿ?

ಈಗ ಎರಡು ವರ್ಷದಿಂದ ಊರವರ ರಸೀದಿಗಳನ್ನು ಕಟ್ಟೆ ಮೇಲೆ ಕೂತು ಓದಿ ನೋಡುತ್ತಿದ್ದೇನೆ. ಕಂಡದ್ದು ಇವು.

ಎಕರೆ-ಗುಂಟೆ: 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 2 ಎಕರೆ 20 ಗುಂಟೆಯನ್ನು 2.20 ಅಂತ ಬರೆದಿರುತ್ತದೆ. ಎಕರೆಯನ್ನು ದಶಾಂಶದಲ್ಲಿ ಕೇಳುವ ಅರ್ಜಿಯಲ್ಲಿ ಅದು 2.50 ಆಗಬೇಕು. 2.20 ಅಂತಲೇ ಒತ್ತಿದರೆ ಯಂತ್ರ 2 ಎಕರೆ 8 ಗುಂಟೆ ಅಂತ ತಿಳಿಯುತ್ತದೆ, 12 ಗುಂಟೆ ಮಾಯ. ಹೆಕ್ಟೇರಿನಲ್ಲಿ ಕೇಳಿದರೆ ಇದೇ ಹೊಲ ಸುಮಾರು 1.01. ಆಕಾರದ ಸಾಣಿಗೆಗೆ ಮೂರೂ ಸರಿಯೇ.

ಹಿಸ್ಸಾ: ಸರ್ವೆ ನಂಬರ್ ಒಂದೇ ಇದ್ದರೂ ಹಿಸ್ಸಾ ತಪ್ಪಿದರೆ ಹೊಲ ಅಣ್ಣನದೋ ತಮ್ಮನದೋ ಆಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಒಂದು ನಕ್ಷತ್ರದ ಗುರುತು ಇರುವುದುಂಟು. ಅದು ನಂಬರಿನದೇ ಭಾಗ, ಅರ್ಜಿಯ ಕೆಂಪು ಚುಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನಾನೇ ಎರಡನ್ನೂ ಒಂದೇ ಅಂತ ತಿಳಿದಿದ್ದೆ.

ಹೆಸರು: ಪಹಣಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ. ನಮ್ಮಲ್ಲಿ ಇದು ಮನೆಮನೆಯ ಕಥೆ. ಕಾಲಂ ತುಂಬುತ್ತದೆ, ಆದರೆ ತಾಳೆ ಆಗುವುದಿಲ್ಲ. ಅರ್ಜಿ ಹಾಕುವ ದಿನ ಇದನ್ನು ಸರಿಮಾಡಲು ಆಗದು. ಬೇಸಿಗೆಯಲ್ಲಿ, ಕೆಲಸ ಕಡಿಮೆ ಇದ್ದಾಗ ತಿದ್ದಿಸಿಕೊಳ್ಳಬೇಕು.

ತಾಲೂಕು: ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮುಂಚೆ ನಾವು ರಾಯಚೂರಿನವರು. ಆಗಿದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕು ತಾಲೂಕು. ಈಚೆಗೆ ಕುಕನೂರು, ಕನಕಗಿರಿ, ಕಾರಟಗಿ ಸೇರಿವೆ. ಹಳೇ ಕಾಗದದ ತಾಲೂಕೇ ಬೇರೆ, ಈಗಿನ ತಾಲೂಕೇ ಬೇರೆ ಇರಬಹುದು. ಈಗಿನ ಪಹಣಿ ನೋಡಿ ಆರಿಸಬೇಕು.

ಬ್ಯಾಂಕ್: ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಎಸ್‌ಬಿಐಗೆ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ ಸೇರಿತು. ನಮ್ಮ ಗ್ರಾಮೀಣ ಬ್ಯಾಂಕಿನ ಹೆಸರು ಎಷ್ಟು ಸಲ ಬದಲಾಯಿತೋ! 2025ರಲ್ಲಿ ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕು ಒಂದಾದವು. ಬ್ಯಾಂಕು ಬದಲಾದಾಗ ಐಎಫ್‌ಎಸ್‌ಸಿಯೂ ಬದಲಾಗುವುದುಂಟು. ಹಳೇ ಪಾಸ್‌ಬುಕ್ಕಿನ ನಂಬರ್ ಆಕಾರದಲ್ಲಿ ಸರಿ ಇರುತ್ತದೆ, ಎರಡನೇ ಸಾಣಿಗೆ ದಾಟುತ್ತದೆ. ಹೊಸ ಪಾಸ್‌ಬುಕ್ ಒಯ್ಯಿರಿ. ಇನ್ನೊಂದು ಮಾತು, ಆಧಾರ್ ಮೂಲಕ ಬರುವ ಸರ್ಕಾರದ ಹಣ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎರಡು ಮೂರು ಖಾತೆ ಇದ್ದವರು ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಮೊಬೈಲ್: ಅವಸರದಲ್ಲಿ ಅಂಗಡಿಯವರದ್ದೇ ನಂಬರ್ ಹಾಕುವುದುಂಟು. 10 ಅಂಕಿ ಇದೆ, ಯಂತ್ರ ಒಪ್ಪುತ್ತದೆ. ಆದರೆ ಅರ್ಜಿ ತಿರಸ್ಕಾರವಾಯಿತು ಅನ್ನುವ ಸಂದೇಶ ನಿಮಗೆ ಬರುವುದಿಲ್ಲ, ಅವರಿಗೆ ಬರುತ್ತದೆ. ದಿನಕ್ಕೆ ನೂರು ಸಂದೇಶ ನೋಡುವವರು ನಿಮಗೆ ಹೇಳಿಯಾರೇ? ಮನೆಯಲ್ಲಿ ಓದಬಲ್ಲ ಮಗನದೋ ಮಗಳದೋ ನಂಬರ್ ಕೊಡಿ.

ಇದರಲ್ಲಿ ತಪ್ಪೆಲ್ಲ ಕಂಪ್ಯೂಟರ್ ಮುಂದೆ ಕೂತವರದೇ ಅನ್ನಲಾರೆ. ಕೊನೆ ದಿನ ಹೋಗಿ ಬಾಗಿಲಲ್ಲಿ ನೂಕಾಡಿದವರು ನಾವು. ರಸೀದಿ ಓದದೆ ಮಡಚಿಟ್ಟವನು ನಾನು.

ಈಗ ನಾನು ಮಾಡುವುದು

ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೊದಲೇ ಬರೆದುಕೊಂಡು ಹೋಗುತ್ತೇನೆ. ಆಧಾರ್‌ನಲ್ಲಿರುವಂತೆ ಹೆಸರು, ಮೊಬೈಲ್, ಊರು-ಹೋಬಳಿ-ತಾಲೂಕು, ಸರ್ವೆ ನಂಬರ್ ಮತ್ತು ಹಿಸ್ಸಾ, ಬಿತ್ತಿದ ಜಾಗ ಎಕರೆ-ಗುಂಟೆಯಲ್ಲಿ ಮತ್ತು ದಶಾಂಶದಲ್ಲಿ, ಬೆಳೆಯ ಹೆಸರು ಇಲಾಖೆಯ ಭಾಷೆಯಲ್ಲಿ, ಅದರ ಮುಂದೆ ದಪ್ಪ ಅಕ್ಷರದಲ್ಲಿ ‘ಮಳೆಯಾಶ್ರಿತ’, ಖಾತೆ ನಂಬರ್, ಐಎಫ್‌ಎಸ್‌ಸಿ. ಇಂಥ ಹಾಳೆ ಕೊಟ್ಟರೆ ಕಂಪ್ಯೂಟರ್ ಮುಂದಿನವರಿಗೂ ಕೆಲಸ ಹಗುರ.

ಕೊನೆಯ ಗುಂಡಿ ಒತ್ತುವ ಮುಂಚೆ, "ತಮ್ಮಾ, ಒಮ್ಮೆ ಓದಿ ಹೇಳಪಾ" ಅನ್ನುತ್ತೇನೆ. ಅವರು ಓದುತ್ತಾರೆ, ನಾನು ಹಾಳೆ ಮೇಲೆ ಬೆರಳಿಟ್ಟು ತಾಳೆ ನೋಡುತ್ತೇನೆ. ಎರಡು ನಿಮಿಷದ ಕೆಲಸ. ಬೇಸರ ಮಾಡಿಕೊಂಡವರು ಈವರೆಗೆ ಒಬ್ಬರೂ ಇಲ್ಲ. ರಸೀದಿ ಬಂದ ಮೇಲೆ ಅಲ್ಲೇ ನಿಂತು ಮತ್ತೊಮ್ಮೆ ಓದುತ್ತೇನೆ. ಎಕರೆಗೆ ಎಷ್ಟು ಕಂತು ಬಿತ್ತು ಅಂತ ಪಕ್ಕದವರೊಂದಿಗೆ ಹೋಲಿಸುತ್ತೇನೆ. ಒಂದೇ ಬೆಳೆಗೆ ಎಕರೆ ಕಂತು ಬೇರೆ ಬೇರೆ ಬಂದರೆ ಎಲ್ಲೋ ತಪ್ಪಿದೆ ಅಂತಲೇ ಲೆಕ್ಕ.

ಕೊನೆ ವಾರದವರೆಗೆ ಕಾಯುವುದಿಲ್ಲ. ತಪ್ಪು ಕಂಡರೆ ತಿದ್ದಿಸಲು ದಿನ ಬೇಕಲ್ಲ. ಬೆಳೆ ಸಮೀಕ್ಷೆಯಲ್ಲೂ ಅದೇ ಬೆಳೆ ದಾಖಲಾಗಿದೆಯೇ ಅಂತ ನೋಡಿಕೊಳ್ಳುತ್ತೇನೆ. 2020ರಿಂದ ರೈತರೇ ಮೊಬೈಲಿನಲ್ಲಿ ಸಮೀಕ್ಷೆ ಮಾಡಲು ಅವಕಾಶ ಬಂದಿದೆ. ವಿಮೆಯಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು ಇದ್ದರೆ ತಕರಾರು ತಪ್ಪದು. 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ವಿಮೆ ಕಡ್ಡಾಯವಲ್ಲ. ಕಟ್ಟುವುದು ನಮ್ಮ ಇಷ್ಟ ಅಂದ ಮೇಲೆ ಸರಿಯಾಗಿ ಕಟ್ಟುವ ಹೊಣೆಯೂ ನಮ್ಮದೇ.

ಅರ್ಜಿ ತಯಾರಿಸುವವರಿಗೂ ಒಂದು ಮಾತು

ನಮ್ಮ ಮಕ್ಕಳು ಕಲಿತು ಇಂಥ ಅರ್ಜಿ ತಯಾರಿಸುವ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರು ಇದನ್ನು ಓದಲಿ.

ಇಲ್ಲದ್ದನ್ನು ಕಡ್ಡಾಯ ಮಾಡಬೇಡಿ. ಇ-ಮೇಲ್ ಇಲ್ಲದವನಿಗೆ ಇ-ಮೇಲ್ ಕಾಲಂಗೆ ಕೆಂಪು ಚುಕ್ಕಿ ಹಾಕಿದರೆ ಅವನು ಸುಳ್ಳೇ ಬರೆಯಬೇಕಾಗುತ್ತದೆ. ಅವಶ್ಯವಿಲ್ಲದ ಕಾಲಂ ಕಡ್ಡಾಯ ಮಾಡಿದಷ್ಟೂ ಸುಳ್ಳು ಹೆಚ್ಚು ತುಂಬುತ್ತದೆ.

ಪಟ್ಟಿಯ ಮೊದಲ ಸಾಲು ಖಾಲಿ ಇರಲಿ. ಆರಿಸದವನು ಮುಂದೆ ಹೋಗದಿರಲಿ.

ತಪ್ಪಾದಾಗ ಯಾವ ಕಾಲಂ, ಏನು ತಪ್ಪು ಅಂತ ಅದರ ಪಕ್ಕದಲ್ಲೇ ಕನ್ನಡದಲ್ಲಿ ಹೇಳಿ. ಮೇಲೆ ಎಲ್ಲೋ ಇಂಗ್ಲಿಷಿನಲ್ಲಿ ಒಂದು ಗೆರೆ ಬಂದರೆ, ಅವಸರದಲ್ಲಿರುವವರು ಕೆಂಪು ಹೋಗುವ ತನಕ ಕೈಗೆ ಸಿಕ್ಕದ್ದನ್ನು ಒತ್ತುತ್ತಾರೆ. ಒಂದು ತಪ್ಪಿಗೆ ತುಂಬಿದ್ದೆಲ್ಲ ಅಳಿಸಿಹೋಗದಿರಲಿ.

ಬ್ರೌಸರಿನ ಸಾಣಿಗೆಯೊಂದನ್ನೇ ನಂಬಬೇಡಿ, ಸರ್ವರಿನಲ್ಲಿಯೂ ಅದೇ ತಪಾಸಣೆ ಮತ್ತೊಮ್ಮೆ ಆಗಲಿ. ಕೊನೆಗೆ ತುಂಬಿದ್ದೆಲ್ಲ ದೊಡ್ಡ ಅಕ್ಷರದಲ್ಲಿ ಒಂದೇ ಪುಟದಲ್ಲಿ ಬರಲಿ: ‘ನಿಮ್ಮ ಬೆಳೆ ನೀರಾವರಿ ಮುಸುಕಿನ ಜೋಳ. ಹೌದೇ?’ ಇಷ್ಟು ಒಂದು ಪ್ರಶ್ನೆ ಅಂದು ಯಾರಾದರೂ ನನ್ನನ್ನು ಕೇಳಿದ್ದರೆ ‘ಅಲ್ಲ’ ಅನ್ನುತ್ತಿದ್ದೆ.

ಹೋದ ಮುಂಗಾರಿನಲ್ಲಿ ನಮ್ಮ ಕಟ್ಟೆಯ ಮೇಲೆ ಹನ್ನೊಂದು ಜನರ ರಸೀದಿ ಓದಿದೆವು. ಎರಡರಲ್ಲಿ ತಪ್ಪು ಸಿಕ್ಕಿತು. ಒಂದು ಹಿಸ್ಸಾ, ಒಂದು ಬೆಳೆ. ಕೊನೆ ದಿನಕ್ಕೆ ಇನ್ನೂ ಒಂದು ವಾರವಿತ್ತು, ಇಬ್ಬರೂ ಮರುದಿನವೇ ಹೋಗಿ ತಿದ್ದಿಸಿಕೊಂಡು ಬಂದರು. ನಿಮ್ಮ ಟ್ರಂಕಿನಲ್ಲಿ ಮಡಚಿಟ್ಟ ರಸೀದಿ ಇದ್ದರೆ ಇವತ್ತೇ ತೆಗೆದು ಓದಿ. ನಿಮಗೆ ಓದಲು ಬರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳ ಕೈಗೆ ಕೊಡಿ. ಬೇರೆ ಯಾವ ಕಾಲಂನಲ್ಲಾದರೂ ನೀವು ಎಡವಿದ್ದರೆ ಅದನ್ನೂ ಬರೆದು ತಿಳಿಸಿ, ಉಳಿದವರಿಗೆ ಉಪಯೋಗವಾದೀತು.